ಎಣಿಸುವವನ ಮಾತು

ಮರ ಕಡಿಯುವವರು ಬೇಕೆಂದರೆ ಊರಿಗೆ ಹತ್ತು ಮಂದಿ ಸಿಗುತ್ತಾರೆ. ನಾಲ್ಕು ಏಟು ಹಾಕಿ ಮರ ಉರುಳಿಸಿ, ತುಂಡುಗಳನ್ನು ಗಾಡಿಗೆ ಹೇರಿಕೊಂಡು ಹೋಗಿಬಿಡುತ್ತಾರೆ. ನೆಲದಲ್ಲಿ ಉಳಿದ ಬೊಡ್ಡೆ ಮಾತ್ರ ಯಾರಿಗೂ ಬೇಡ. ಅದು ನೇಗಿಲು ಮುರಿಯುತ್ತದೆ, ಎತ್ತಿನ ಕಾಲು ಉಳುಕಿಸುತ್ತದೆ, ವರ್ಷಗಟ್ಟಲೆ ಗೆದ್ದಲು ಸಾಕುತ್ತದೆ. ಅದನ್ನು ಬೇರುಸಮೇತ ಕಿತ್ತು ನೆಲ ಹಸನು ಮಾಡಿಕೊಡುವ ಕಸುಬು ಹಿರಿಯೂರಿನ ಆ ಸೀಮೆಯಲ್ಲಿ ಇದ್ದದ್ದು ಒಂದೇ ಮನೆಗೆ, ಜವನಗೊಂಡನಹಳ್ಳಿಯ ಉಗ್ರಪ್ಪನ ಮನೆಗೆ.

ಕುರುಬರ ಮನೆತನ. ಹಟ್ಟಿಯಲ್ಲಿ ಎಂಟು ಕುರಿ ಉಳಿದಿದ್ದವು, ಅಷ್ಟೆ. ಊಟಕ್ಕೆ ಆಧಾರ ಬೊಡ್ಡೆಯೇ. ಬೊಡ್ಡೆ ಉಗ್ರಪ್ಪ ಅಂದರೆ ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅವನ ಹತ್ತಿರ ಒಂದು ವಿದ್ಯೆ ಇತ್ತು. ಕೊಡಲಿಯ ಹಿಂಬದಿಯಿಂದ ಬೊಡ್ಡೆಗೆ ಮೂರು ಸಲ ತಟ್ಟಿ, ಕಿವಿ ಆನಿಸಿ, "ತಾಯಿಬೇರು ತೆಂಕಲಿಗೆ ವಾಲೈತೆ, ಮೂಡ್ಲು ಕಡೆ ಬೇರು ಸತ್ತೈತೆ, ಇಲ್ಲಿಂದ ಅಗೀರಿ" ಎನ್ನುತ್ತಿದ್ದ. ಅಗೆದರೆ ಹಾಗೇ ಇರುತ್ತಿತ್ತು. ಮಾಡದಕೆರೆಯ ಗೌಡರೊಬ್ಬರು ಈ ಕಿವಿಯನ್ನು ಮೆಚ್ಚಿಯೇ ಅವನ ತಲೆಗೊಂದು ರುಮಾಲು ಸುತ್ತಿಸಿ ಕಳಿಸಿದ್ದರು.

ಎಪ್ಪತ್ನಾಲ್ಕನೇ ಇಸವಿ, ಶಿವರಾತ್ರಿ ಮುಗಿದ ವಾರ. ದುರ್ಗದ ಶಿವಕುಮಾರಪ್ಪ ಎಂಬ ಬಟ್ಟೆ ವ್ಯಾಪಾರಸ್ಥರು ಊರ ಕೆರೆಯ ಹಿಂದಿನ ಹನ್ನೆರಡು ಎಕರೆ ಕೊಂಡು, ಅಲ್ಲಿದ್ದ ಹುಣಸೆ, ಬೇವು, ಹೊಂಗೆ ಎಲ್ಲ ಕಡಿಸಿ, ತೆಂಗು ಹಾಕಲು ಹೊರಟಿದ್ದರು. ನೂರ ಎಂಬತ್ತು ಬೊಡ್ಡೆ. ಹೊಸ ಮಳೆ ಬೀಳುವಷ್ಟರಲ್ಲಿ ನೆಲ ಖಾಲಿಯಾಗಬೇಕು ಎಂದು ಅವರ ಕರಾರು.

ಬೆಳಗಿನ ಊಟಕ್ಕೆ ಕೂತಾಗ ಮಗ ಓಬಯ್ಯ ಮಾತು ತೆಗೆದ.

"ಗುದ್ದಲೀಲಿ ಅಗೀತಾ ಕುಂತ್ರೆ ದೀಪಾವಳಿ ಆಗ್ತೈತಪ್ಪ. ದುರ್ಗದ ಗುಜರಿ ಅಂಗಡೀಲಿ ಒಂದು ಚೈನ್ ಪುಲ್ಲಿ ನೋಡ್ಕಂಡು ಬಂದೀನಿ. ಮೂರು ಕಂಬ ನಿಲ್ಸಿ, ಅದಕ್ಕೆ ನೇತಾಕಿ, ಸರಪಣಿ ಎಳೀತಾ ಹೋದ್ರೆ ಬೊಡ್ಡೆ ಹಲ್ಲು ಕಿತ್ತಂಗೆ ಮೇಲಕ್ಕೆ ಬರ್ತೈತೆ. ಆದ್ರೆ ದಿನಕ್ಕೆ ಎರಡು, ಬಾಳ ಅಂದ್ರೆ ಮೂರು."

"ಹಂಗಾದ್ರೆ ಅದೂ ಬೇಡ ಬಿಡು," ಎಂದ ಉಗ್ರಪ್ಪ.

"ಅದಕ್ಕೇ ಮದ್ದು ಹಾಕಾಣ ಅಂತೀನಿ."

ಸಾರು ಬಡಿಸುತ್ತಿದ್ದ ಅವ್ವ ಚಿತ್ತಮ್ಮನ ಕೈ ಅಲ್ಲೇ ನಿಂತಿತು. "ಯಾವ ಮದ್ದೋ? ಬಂಡೆ ಒಡೆಯೋ ಮದ್ದಾ?"

"ಹೂಂ ಅವ್ವ. ಬೊಡ್ಡೆ ಬುಡಕ್ಕೆ ಕುಳಿ ತೋಡಿ ಮದ್ದು ತುಂಬಿ, ಮಣ್ಣು ಗಿಡಿದು, ಬತ್ತಿ ಹಚ್ಚೋದು. ಒಂದೇ ಸಲಕ್ಕೆ ಹದಿನಾಲ್ಕು ಬೊಡ್ಡೆ ಸಡ್ಲ ಆಗ್ತವೆ. ಆಮೇಲೆ ಹಾರೆ ಹಾಕಿ ಎತ್ತೋದೇ."

"ಪುಲ್ಲೀನೇ ತಗಂಬಾರಪ್ಪ. ದಿನಕ್ಕೆ ಮೂರು ಕಿತ್ರೆ ಸಾಕು, ಮೂರು ಹೊತ್ತಿನ ಹಿಟ್ಟಿಗೆ ಆಗ್ತೈತೆ."

"ಅಷ್ಟೊತ್ತಿಗೆ ಮಳೆ ಬಂದು ಹೋಗಿರ್ತೈತೆ. ಆ ಸಾಹುಕಾರ್ರು ಬೇರೇರನ್ನ ಕರೆಸ್ತಾರೆ. ಒಂದ್ಸಲ ಕೆಲಸ ಕೈಬಿಟ್ರೆ ನಮ್ಮನ್ಯಾರು ಕೇಳ್ತಾರೆ?"

ಒಲೆಯ ಹತ್ತಿರ ಕೂತಿದ್ದ ಸೊಸೆ ಕಾಳಕ್ಕ, "ಎಲ್ಲಾ ಗೊತ್ತಿದ್ದೇ ಹೇಳ್ತಿರ್ತಾರತ್ತೆ," ಎಂದಳು. ಅವಳಿಗೆ ಗಂಡ ಹೇಳಿದ್ದೇ ಸರಿ. ಚಿತ್ತಮ್ಮ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದಳು.

ಉಗ್ರಪ್ಪನಿಗೆ ಮದ್ದೂ ಬೇಡ, ಪುಲ್ಲಿಯೂ ಬೇಡ. "ಬೊಡ್ಡೆ ತಟ್ಟಿದ್ರೆ ಮಾತಾಡ್ತೈತೆ. ನೀನು ಅದರ ಬಾಯಿಗೇ ಬೆಂಕಿ ಇಡಕ್ಕೆ ಹೊಂಟೀಯ," ಎಂದು ಗೊಣಗಿದ. ಆದರೂ ಮಗನ ಮಾತೇ ನಡೆಯಿತು. ಅರವತ್ತು ದಾಟಿದ ಮೇಲೆ ಯಾವ ಮನೆಯಲ್ಲಿ ತಾನೆ ಅಪ್ಪನ ಮಾತು ನಡೆಯುತ್ತದೆ!

ಮದ್ದಿನವನು ಬಂದ. ಚಿಕ್ಕತಿಮ್ಮಪ್ಪ ಎಂದು ಹೆಸರು, ದುರ್ಗದ ಕಡೆ ಕಲ್ಲುಗಣಿಯಲ್ಲಿ ಲೈಸೆನ್ಸ್ ಇದ್ದವನು. ಸೈಕಲ್ಲಿಗೆ ಹಸಿರು ಪೆಟ್ಟಿಗೆ ಕಟ್ಟಿಕೊಂಡು ಮಂಗಳವಾರ, ಶುಕ್ರವಾರ ಬರುತ್ತಿದ್ದ. ಅವನ ಎಡಗಣ್ಣಿನ ಮೇಲೆ ಹುಬ್ಬೇ ಇರಲಿಲ್ಲ. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತ ಅವನು ಕಟ್ಟಳೆ ಹೇಳಿದ. ಬಾಗಿಲ ಸಂದಿಯಲ್ಲಿ ನಿಂತು ಚಿತ್ತಮ್ಮ ಒಂದಕ್ಷರ ಬಿಡದೆ ಕೇಳಿಸಿಕೊಂಡಳು.

"ನಾನೂ ಓಬಯ್ಯನೂ ಬತ್ತಿ ಹಚ್ಚಿ ಓಡಿಬಂದು ಕಾಲುವೇಲಿ ಮಲಗ್ತೀವಿ. ಹಚ್ಚೋನು ಎಣಿಸಬಾರ್ದು. ಹಚ್ಚಿದೋನಿಗೆ ಎಲ್ಲಾ ಸಿಡಿದುಬಿಡ್ಲಿ ಅಂತ ಆಸೆ ಇರ್ತೈತೆ, ಹನ್ನೆರಡು ಕೇಳಿದ್ರೆ ಹದಿಮೂರು ಅಂತಾನೆ. ಎಣಿಸೋನು ಬೇರೆ ಇರ್ಬೇಕು, ಒಬ್ಬನೇ ಇರ್ಬೇಕು. ನಾವೆಲ್ಲ ಕಿವಿಗೆ ಅರಳೆ ಇಟ್ಕಂತೀವಿ, ಅವನು ಇಟ್ಕಳಂಗಿಲ್ಲ. ಅವನು 'ಆಯ್ತು' ಅನ್ನೋವರೆಗೂ ಯಾವನೂ ಹೊಲದಾಗೆ ಕಾಲಿಡಂಗಿಲ್ಲ. ಒಂದು ಕಮ್ಮಿ ಬಂತೋ, ಮಾರನೇ ದಿನದವರೆಗೂ ಯಾವನೂ ಆ ಕಡೆ ಮುಖ ಹಾಕಂಗಿಲ್ಲ. ಸಿಡೀದೆ ಕುಂತಿರೋ ಮದ್ದಿನ ಮೇಲೆ ಹಾರೆ ಹಾಕಿದ್ರೆ ಎತ್ಕಂಡು ಬರಕ್ಕೆ ಮೈಯೂ ಸಿಗಲ್ಲ."

ಓಬಯ್ಯ ನಕ್ಕುಬಿಟ್ಟ. "ಎಣಿಸಕ್ಕೆ ನಮ್ಮಪ್ಪ ಇಲ್ವಾ? ಅವನಿಗಿಂತ ಕಿವಿ ಇರೋರು ಈ ಸೀಮೇಲಿ ಯಾರವ್ರೆ ಹೇಳ್ರಿ?"

ಅಷ್ಟೊತ್ತು ಮುಖ ಗಂಟಿಕ್ಕಿದ್ದ ಉಗ್ರಪ್ಪ ಆಗ ರುಮಾಲು ಸರಿ ಮಾಡಿಕೊಂಡ. ಮನೆಯ ಕೆಲಸದಲ್ಲಿ ಮತ್ತೆ ತನಗೊಂದು ಜಾಗ ಸಿಕ್ಕಿತೆಂದು ಅವನಿಗೆ ಹಿಗ್ಗು.

ಹೀಗೆ ಮದ್ದಿನ ಕೆಲಸ ಶುರುವಾಯಿತು. ಹೊಲ ಊರಿಂದ ಒಂದು ಮೈಲಿ. ಮಣ್ಣಿನೊಳಗಿನ ಮದ್ದಾದ್ದರಿಂದ ಸದ್ದು ಸೀಳಿಕೊಂಡು ಬರುತ್ತಿರಲಿಲ್ಲ, ದುಮ್ ದುಮ್ ಎಂದು ಹೊಟ್ಟೆಯೊಳಗೇ ಬಡಿದಂತೆ ಕೇಳುತ್ತಿತ್ತು. ಅಡುಗೆಮನೆಯ ಹಲಗೆಯ ಮೇಲಿನ ತಟ್ಟೆಗಳು ಗಲಗಲ ಅನ್ನುತ್ತಿದ್ದವು. ಅಪ್ಪ 'ಆಯ್ತು' ಎಂದ ಕೂಡಲೇ ಮೊದಲು ಹೊಲಕ್ಕಿಳಿದು, ಹಾರೆ ಹಾಕಿ ಬೊಡ್ಡೆಗಳ ಮೇಲೆ ಹತ್ತಿ ನೋಡುವವನು ಓಬಯ್ಯ. ಮಂಗಳವಾರ, ಶುಕ್ರವಾರ ಅವನು ಮನೆಗೆ ಬಂದು ಕಾಲು ತೊಳೆಯುವ ತನಕ ಚಿತ್ತಮ್ಮ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.

ನಾಲ್ಕು ಸಲ ಮದ್ದು ಸಿಡಿಸಿ ಆಗಿತ್ತು. ನಾಲ್ಕನೆಯ ದಿನ ಸಂಜೆ ಉಗ್ರಪ್ಪ ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಹಗ್ಗ ಹೊಸೆಯುತ್ತ ಕೂತಿದ್ದ. ಒಳಗೆ ಮೊಮ್ಮಗಳು ಬೊಮ್ಮಕ್ಕ, ಮೂರು ವರ್ಷದ ಕೂಸು, ನೀರಿನ ಕೊಡಗಳ ಸಾಲನ್ನೇ ಎಳೆದು ಕೆಡವಿತು. ನಾಲ್ಕು ತಾಮ್ರದ ಕೊಡ ಒಂದರ ಮೇಲೊಂದು ಉರುಳಿ ಮನೆಯೆಲ್ಲ ಢಣಢಣ ಎಂದಿತು. ಕಾಳಕ್ಕ ಹಿತ್ತಲಿಂದ ಓಡಿಬಂದಳು. ಪಕ್ಕದ ಮನೆಯ ತಿಪ್ಪಕ್ಕ, "ಏನಾಯ್ತ್ರೇ?" ಎಂದು ಗೋಡೆಯಾಚೆಯಿಂದ ಕೂಗಿದಳು. ಉಗ್ರಪ್ಪ ತಿರುಗಿ ಕೂಡ ನೋಡಲಿಲ್ಲ.

ಚಿತ್ತಮ್ಮ ಕೂಸನ್ನು ಎತ್ತಿಕೊಂಡವಳು ಬಾಗಿಲಲ್ಲೇ ನಿಂತಳು. ಮೆಲ್ಲಗೆ ಹಿಂದೆ ಹೋಗಿ ಗಂಡನ ಕಿವಿಯ ಪಕ್ಕ ಚಪ್ಪಾಳೆ ತಟ್ಟಿದಳು. ಅವನು ಹಗ್ಗ ಹೊಸೆಯುತ್ತಲೇ ಇದ್ದ.

ಕೂಸನ್ನು ಸೊಸೆಗೆ ಕೊಟ್ಟು, ಗಂಡನ ರಟ್ಟೆ ಹಿಡಿದು ಕುರಿಹಟ್ಟಿಗೆ ಕರೆದುಕೊಂಡು ಹೋದಳು. ಮುಖಕ್ಕೆ ಮುಖ ಕೊಟ್ಟು ಕೇಳಿದಳು. ಅವನು ಅವಳ ತುಟಿಯನ್ನೇ ನೋಡುತ್ತಿದ್ದ.

"ಹೋದ ವರ್ಷದಿಂದಲೇ ಎಡಗಿವಿ ಮಂಕಾಗಿತ್ತು ಕಣೆ," ಎಂದ ಕೊನೆಗೆ. "ಮೊದಲ್ನೇ ದಿನ ಹದಿನಾಲ್ಕೂ ಕೇಳಿದ್ವು. ಎರಡನೇ ಸಲದಿಂದ ಮೂರು ಸಿಡಿಯೋವರೆಗೂ ಕೇಳ್ತೈತೆ, ಆಮೇಲೆ ಕಿವೀಲಿ ಜೀರುಂಡೆ ಕೂಗಿದಂಗೆ ಗುಂಯ್ ಅಂತೈತೆ. ಈಗ ಬೆಳಿಗ್ಗೆ ಎದ್ರೂ ಅದು ಬಿಡಲ್ಲ."

"ಮತ್ತೆ ಎಣಿಸಿದ್ದು?"

"ಧೂಳು ಏಳ್ತೈತಲ್ಲ, ಅದನ್ನ ನೋಡಿ ಹಂಗೇ ಒಂದು ಅಂದಾಜು."

"ಅಂದಾಜಾ! ಅಲ್ಲಿ ನಿಮ್ಮ ಮಗ ಹತ್ತಿ ನಿಲ್ತಾನಲ್ರೀ!" ಚಿತ್ತಮ್ಮ ಕುರಿಗಳ ನಡುವೆಯೇ ಕೂತುಬಿಟ್ಟಳು. ಮೂರು ಸಲ ಅವಳ ಮಗ ಬರೀ ಧೂಳಿನ ಲೆಕ್ಕ ನಂಬಿ ಹೊಲಕ್ಕೆ ಇಳಿದಿದ್ದ. "ಈಗ್ಲೇ ಹೇಳ್ತೀನಿ ಅವನಿಗೆ."

ಉಗ್ರಪ್ಪ ಹೆಗಲ ಕಂಬಳಿ ತೆಗೆದು ಅವಳ ಮುಂದೆ ಹಾಸಿದ. "ಇದನ್ನ ಮುಟ್ಟು. ಯಾರ ಹತ್ರನೂ ಬಾಯಿ ಬಿಡಲ್ಲ ಅನ್ನು."

"ಹುಚ್ಚು ಹಿಡಿದೈತಾ ನಿಮಗೆ?"

"ಕಿವಿಯಿಂದ ತಿಂದೋನು ಕಣೆ ನಾನು. ಕಿವುಡ ಅಂತ ಗೊತ್ತಾದ್ರೆ ಆ ಮದ್ದಿನೋನ ಮುಂದೆ, ಆಳುಗಳ ಮುಂದೆ ನನ್ನ ಮುಖ ಎಲ್ಲಿಡ್ಲಿ? ಕುರಿ ಹಿಂದೆ ಕಳಿಸ್ತಾರೆ, ತೋಳ ಬಂದ್ರೂ ಕೇಳ್ಸಲ್ಲ. ಇನ್ನು ಒಂದು ತಿಂಗಳ ಕೆಲಸ. ಮುಗೀಲಿ, ನಾನೇ ಹೇಳ್ತೀನಿ."

ಗಂಡ ಅಳುವುದನ್ನು ಮೂವತ್ತೈದು ವರ್ಷದಲ್ಲಿ ಅವಳು ನೋಡಿರಲಿಲ್ಲ. ಈಗ ಅವನ ಕಣ್ಣು ತುಂಬಿತ್ತು. ಕಂಬಳಿ ಮುಟ್ಟಿ ಆಡಿದ ಮಾತನ್ನು ಅವರ ಕುಲದಲ್ಲಿ ಯಾರೂ ಮುರಿಯುವುದಿಲ್ಲ. ಮನೆದೇವರು ಬೀರಪ್ಪನನ್ನು ಕೂರಿಸುವುದೂ ಕಂಬಳಿಯ ಮೇಲೆಯೇ, ಮದುವೆಯಲ್ಲಿ ಹೆಣ್ಣಿಗೆ ಅಕ್ಕಿ ಹಾಕುವುದೂ ಕಂಬಳಿಯ ಮೇಲೆಯೇ. ಚಿತ್ತಮ್ಮ ಕೈ ಮುಂದೆ ಮಾಡಿದಳು, ಹಿಂದೆ ತೆಗೆದಳು, ಮತ್ತೆ ಮುಂದೆ ಮಾಡಿ ಮುಟ್ಟಿಬಿಟ್ಟಳು.

"ಆದ್ರೆ ಇನ್ಮೇಲೆ ಬುತ್ತಿ ನಾನೇ ತರ್ತೀನಿ. ನಾನೇ ಎಣಿಸ್ತೀನಿ. ಸರಿ ಇದ್ರೆ ಎದ್ದು ನಿಲ್ತೀನಿ, ಇಲ್ಲಾಂದ್ರೆ ಕುಂತೇ ಇರ್ತೀನಿ. ನನ್ನ ನೋಡ್ದೆ ನೀವು ಬಾಯಿ ತೆಗೆಯಂಗಿಲ್ಲ."

ಅಂದಿನಿಂದ ಚಿತ್ತಮ್ಮನೇ ಬುತ್ತಿ ಹೊತ್ತಳು. ಮದ್ದಿನ ದಿನ ಮಾತ್ರ ಹೋದರೆ ಗುಮಾನಿ ಬರುತ್ತದೆಂದು ದಿನಾಲೂ ಹೋದಳು. ಕೆರೆ ಏರಿಯ ಮೇಲೆ, ಗಂಡ ನಿಲ್ಲುವ ಜಾಗದಿಂದ ಹತ್ತು ಮಾರು ದೂರ, ಸೆರಗಿನಲ್ಲಿ ಒಂದು ಹಿಡಿ ಹುರುಳಿಕಾಳು ಕಟ್ಟಿಕೊಂಡು ಕೂರುತ್ತಿದ್ದಳು. ಒಂದು ಸದ್ದಿಗೆ ಒಂದು ಕಾಳು ಮಡಿಲಿಗೆ. ಎರಡು ಒಟ್ಟಿಗೆ ಸಿಡಿದರೆ ಕಾಳು ಹಿಡಿದ ಕೈ ತಡೆಯುತ್ತಿತ್ತು. ಎರಡಾ? ಒಂದಾ? ಅಯ್ಯೋ ಬೀರಪ್ಪ, ಒಂದೊಂದಾಗಿ ಸಿಡೀಬಾರ್ದಾ! ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದಳು. ಹದಿನಾಲ್ಕು ಕಾಳು ತುಂಬಿದ ಮೇಲೂ ಎದ್ದು ನಿಲ್ಲಲು ಧೈರ್ಯ ಸಾಲದು. ಕಾಳುಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿ ಏಳುತ್ತಿದ್ದಳು. ಅವಳು ಎದ್ದರೆ ಉಗ್ರಪ್ಪ ಗಂಟಲು ಬಿಚ್ಚಿ "ಆಯ್ತು!" ಎನ್ನುತ್ತಿದ್ದ.

ಒಂದು ಶುಕ್ರವಾರ ಹದಿಮೂರಕ್ಕೇ ನಿಂತಿತು. ಚಿತ್ತಮ್ಮ ಕಲ್ಲಾಗಿ ಕೂತುಬಿಟ್ಟಳು. ಉಗ್ರಪ್ಪ ಅವಳತ್ತ ನೋಡಿದ, ಸ್ವಲ್ಪ ಹೊತ್ತು ತಡೆದು ಮತ್ತೆ ನೋಡಿದ. ಆಮೇಲೆ, "ಒಂದು ಉಳಿದೈತೆ! ಯಾವನೂ ಇಳೀಬೇಡ್ರಿ!" ಎಂದು ಕೂಗಿದ. ಮಾರನೆಯ ದಿನ ನೋಡಿದರೆ ನಿಜವಾಗಿ ಒಂದು ಬೇವಿನ ಬೊಡ್ಡೆಯ ಬತ್ತಿ ತೇವ ಹಿಡಿದು ಅರ್ಧಕ್ಕೇ ಆರಿತ್ತು. ಚಿಕ್ಕತಿಮ್ಮಪ್ಪ ಅದಕ್ಕೆ ಎರಡು ಕೊಡ ನೀರು ಸುರಿದು, ಮೆಲ್ಲಗೆ ಮದ್ದು ತೆಗೆದು, ಬೆವರು ಒರೆಸಿಕೊಂಡ.

"ಯಜಮಾನ್ರ ಕಿವಿ ಕಿವಿಯಪ್ಪ! ನನಗಂತೂ ಹದಿನಾಲ್ಕೂ ಆದಂಗಿತ್ತು," ಎಂದ.

ಆ ದಿನ ಊಟದ ಹೊತ್ತಿಗೆ ಓಬಯ್ಯ ಅಪ್ಪನ ತಟ್ಟೆಗೆ ತಾನೇ ಒಂದು ಮುದ್ದೆ ಹೆಚ್ಚಿಗೆ ಹಾಕಿದ. "ನೀನಿಲ್ದಿದ್ರೆ ನಾನು ಇವತ್ತು ಇರ್ತಿರ್ಲಿಲ್ಲಪ್ಪ," ಎಂದ. ಉಗ್ರಪ್ಪ ಮೀಸೆ ತೀಡಿಕೊಂಡು ಉಂಡ. ಚಿತ್ತಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಣಿಸಿದವಳು ನಾನಿಲ್ಲಿ ಹಿಟ್ಟಿನ ಪಾತ್ರೆ ಕೆರೆಯುತ್ತಿದ್ದೀನಿ, ಕೀರ್ತಿಯೆಲ್ಲ ಆ ಕಿವುಡು ಮುದುಕನಿಗೆ!

ಇತ್ತ ಮನೆಯಲ್ಲಿ ಬೇರೆ ಬೆಂಕಿ ಹತ್ತಿತ್ತು. ಅತ್ತೆ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ರಾಗಿ ಬೀಸುವುದು, ನೀರು ಸೇದುವುದು, ಹಟ್ಟಿ ಗುಡಿಸುವುದು, ಕೂಸು, ಕುರಿ ಎಲ್ಲ ಕಾಳಕ್ಕನ ತಲೆಗೆ ಬಿತ್ತು. ಮೊದಲ ವಾರ ಪಾತ್ರೆಗಳ ಸದ್ದು ಜೋರಾಯಿತು. ಎರಡನೆಯ ವಾರ ಬಾಯಿ ಬಿಚ್ಚಿತು.

"ಏನತ್ತೆ, ನನ್ನ ಗಂಡನಿಗೆ ಒಂದು ತುತ್ತು ಬಡಿಸಕ್ಕೂ ನನಗೆ ಯೋಗ್ಯತೆ ಇಲ್ವಾ?"

"ಯಾರು ಹಂಗಂದ್ರೇ?"

"ಅನ್ನೋದೇನ್ ಬಂತು? ಮದುವೆಯಾದಾಗಿಂದ ಬುತ್ತಿ ಹೊತ್ತೋಳು ನಾನು. ಈಗ ನಿಮ್ಮ ಕೈಯಿಂದ್ಲೇ ಮಗನಿಗೆ ಉಣ್ಣಿಸ್ಬೇಕು ಅಂತ ಆಸೆ ಬಂದೈತೆ. ನಾನಿಲ್ಲಿ ಕತ್ತೆಯಂಗೆ ದುಡೀಬೇಕು."

"ವಯಸ್ಸಾದೋಳು ನಾಲ್ಕು ಹೆಜ್ಜೆ ಗಾಳಿಗೆ ಹೋಗ್ಬಂದ್ರೆ ನಿನ್ನ ಗಂಟೇನು ಹೋಗ್ತೈತೆ?"

"ಈ ಉರಿಬಿಸಿಲಲ್ಲಿ ಗಾಳಿಗಾ? ಯಾರಿಗೆ ಹೇಳ್ತೀರಿ ಕತೇನ?"

ಗೋಡೆಯಾಚೆ ತಿಪ್ಪಕ್ಕನ ಕೆಮ್ಮು ಕೇಳಿತು. ಇಬ್ಬರೂ ಬಾಯಿ ಮುಚ್ಚಿದರು. ಕಾಳಕ್ಕನದು ತಪ್ಪೆಂದು ಚಿತ್ತಮ್ಮನಿಗೂ ಅನಿಸಲಿಲ್ಲ. ತಾನು ಅವಳ ಜಾಗದಲ್ಲಿದ್ದರೆ ಇದರ ಎರಡರಷ್ಟು ಕೂಗಾಡುತ್ತಿದ್ದೆ ಎಂದು ಗೊತ್ತಿತ್ತು. ಆದರೂ ಬುಟ್ಟಿ ಬಿಡಲಿಲ್ಲ.

ಯುಗಾದಿ ಬಂತು. ಹೋಳಿಗೆ ಬಡಿಸುವಾಗ ಕಾಳಕ್ಕ ಗಂಡನ ಎದುರೇ ಅತ್ತುಬಿಟ್ಟಳು. ರಾಗಿಕಲ್ಲು ತಿರುಗಿಸಿ ತಿರುಗಿಸಿ ಬೊಬ್ಬೆ ಬಂದ ಅಂಗೈ ತೋರಿಸಿದಳು. ಓಬಯ್ಯ ಕೈಯಲ್ಲಿದ್ದ ಹೋಳಿಗೆ ಕೆಳಗಿಟ್ಟ.

"ಅವ್ವ, ಮಂಗಳವಾರದಿಂದ ಕಾಳೀನೇ ಬುತ್ತಿ ತರ್ಲಿ. ನೀನು ಮನೇಲಿರು."

"ಇನ್ನು ಹತ್ತು ದಿನದ ಕೆಲಸ ಕಣೋ. ನಾನೇ..."

"ನಿನ್ನ ಹಿಮ್ಮಡಿ ನೋಡ್ಕಂಡೀಯಾ? ಒಡೆದು ರಕ್ತ ಬರ್ತೈತೆ. ಹಿಂಗಾದ್ರೂ ನಡೀತೀಯಲ್ಲ, ಯಾರ ಮೇಲೆ ಹಟ ನಿಂದು? ಬೇಡ ಅಂದ್ರೆ ಬೇಡ."

ಚಿತ್ತಮ್ಮ ಗಂಡನತ್ತ ನೋಡಿದಳು. ಉಗ್ರಪ್ಪ ಹಾಲಿಗೆ ಹೋಳಿಗೆ ಮುರಿದು ಹಾಕಿಕೊಂಡು ತಲೆ ಬಗ್ಗಿಸಿ ಉಣ್ಣುತ್ತಿದ್ದ. ಮನೆಯಲ್ಲಿ ಇಷ್ಟು ರಂಪವಾದದ್ದು ಅವನಿಗೆ ತಿಳಿದೇ ಇರಲಿಲ್ಲ.

ಆಮೇಲೆ ಹಟ್ಟಿಯಲ್ಲಿ ಬಲಗಿವಿಗೆ ಬಾಯಿಟ್ಟು ಹೇಳಿದಳು. "ಮಂಗಳವಾರದಿಂದ ನಾನಿರಲ್ಲ. ಈಗ್ಲಾದ್ರೂ ಹೇಳಿಬಿಡ್ರಿ. ಇಲ್ಲಾಂದ್ರೆ ನನ್ನ ಮಾತು ನನಗೆ ವಾಪಸ್ ಕೊಡ್ರಿ."

"ಇನ್ನು ಮೂರ್ನಾಲ್ಕು ಸಲ ತಾನೆ? ಜಾಸ್ತಿ ಹೊತ್ತು ಕಾದು ಆಮೇಲೆ ಆಯ್ತು ಅಂತೀನಿ. ನೋಡ್ಕಂತೀನಿ ಬಿಡು."

"ಕಾದ್ರೆ ಸಿಡೀದಿರೋದು ಗೊತ್ತಾಗ್ತೈತೇನ್ರಿ?"

ಅವನು ಕೇಳಿಸದವನಂತೆ ಎದ್ದು ಹೋದ. ನಿಜವಾಗಿ ಕೇಳಿಸಲಿಲ್ಲವೋ, ಕೇಳಿಸಿಯೂ ಹೋದನೋ, ಅವಳಿಗೆ ಗೊತ್ತಾಗಲಿಲ್ಲ.

ಮಂಗಳವಾರ ಗಂಡಸರು ಹೋದರು. ಚಿತ್ತಮ್ಮ ಬುತ್ತಿ ಕಟ್ಟಿದಳು. ಮುದ್ದೆ, ಹುರುಳಿ ಸಾರು, ಹಬ್ಬದ ನಾಲ್ಕು ಹೋಳಿಗೆ. ಬುಟ್ಟಿ ಎತ್ತಿ ಸೊಸೆಯ ಕೈಗೆ ಕೊಡುವಾಗ ಬಾಯಿ ತೆರೆದಳು. ಕಾಳಕ್ಕ, "ಏನತ್ತೆ?" ಎಂದಳು. ಎರಡು ದಿನ ಅತ್ತು ಹಗುರಾದ ಮುಖ, ದನಿಯಲ್ಲಿ ಮುನಿಸಿರಲಿಲ್ಲ. ಚಿತ್ತಮ್ಮನ ಕಣ್ಣ ಮುಂದೆ ಹಟ್ಟಿಯಲ್ಲಿ ಹಾಸಿದ ಕಂಬಳಿ, ಅದರಾಚೆ ಗಂಡನ ತುಂಬಿದ ಕಣ್ಣು.

"ಏನಿಲ್ಲ. ಸಾರು ಚೆಲ್ಲೀತು, ಹುಷಾರು," ಎಂದಳು.

ಸೊಸೆ ಬೀದಿ ದಾಟುವ ತನಕ ನೋಡಿದಳು. ಒಳಗೆ ಬಂದು ಬೀಸುವ ಕಲ್ಲಿನ ಮುಂದೆ ಕೂತಳು. ಕೈಗೆ ಗೂಟ ಸಿಕ್ಕಿತು, ತಿರುಗಲಿಲ್ಲ. ಕೂಸು, "ಅಜ್ಜಿ, ಹೋಳಿಗೆ," ಎಂದಿತು. ಕೊಟ್ಟಳು. ಹೊತ್ತು ನೆತ್ತಿಗೆ ಬಂತು.

ದುಮ್.

ತಟ್ಟೆಗಳು ಗಲಗಲ ಎಂದವು. ಚಿತ್ತಮ್ಮ ಹುರುಳಿಯ ಗಡಿಗೆಗೆ ಕೈ ಹಾಕಿ ಎಣಿಸತೊಡಗಿದಳು. ಐದು, ಆರು. ಏಳು ಮತ್ತು ಎಂಟು ಒಂದರ ಬೆನ್ನಿಗೊಂದು ಬಂದವು. ಹನ್ನೊಂದು. ಹನ್ನೆರಡು. ಆಮೇಲೆ ಇಲ್ಲ. ಕಾದಳು, ಇಲ್ಲವೇ ಇಲ್ಲ. ಈಚೆಗೆ ಒಂದೊಂದು ದಿನ ಕುಳಿ ಒಂದೆರಡು ಕಮ್ಮಿಯೂ ಇರುತ್ತಿತ್ತು. ಇವತ್ತು ಎಷ್ಟು ತೋಡಿದ್ದರು? ಹನ್ನೆರಡಾ, ಹದಿನಾಲ್ಕಾ? ಕೇಳಿರಲಿಲ್ಲ. ಹಾಳಾದವಳು ಅದೊಂದು ಮಾತು ಕೇಳಿರಲಿಲ್ಲ! ಮಡಿಲಿನ ಹನ್ನೆರಡು ಕಾಳನ್ನು ನೋಡಿದಳು. ಅವುಗಳಿಂದ ಏನೂ ತಿಳಿಯುವಂತಿರಲಿಲ್ಲ.

ಕೂಸನ್ನು ಎತ್ತಿ ಗೋಡೆಯಾಚೆ ತಿಪ್ಪಕ್ಕನ ಕೈಗೆ ಹಾಕಿ ಓಡಿದಳು. "ಏನಾಯ್ತೇ ಚಿತ್ತಮ್ಮ? ತಲೆ ಮೇಲೆ ಸೆರಗಿಲ್ದಂಗೆ!" ಎಂದು ತಿಪ್ಪಕ್ಕ ಕೂಗುತ್ತಲೇ ಇದ್ದಳು. ಚಿತ್ತಮ್ಮನ ಒಡೆದ ಹಿಮ್ಮಡಿಗೆ ಕೂಳೆ ಚುಚ್ಚಿತು. ಕಾಲುದಾರಿ ಬಿಟ್ಟು ಹೊಲ ಅಡ್ಡ ಹಾಯ್ದಳು. ಬಾಯಲ್ಲಿ ಒಂದೇ ಮಾತು. ಕಾಯ್ರಿ, ಇನ್ನೊಂಚೂರು ಕಾಯ್ರಿ, ಬಾಯಿ ತೆಗೀಬ್ಯಾಡ್ರಿ.

ಏರಿ ಹತ್ತಿ ನಿಂತಾಗ ಮೊದಲು ಅವಳಿಗೆ ಕಂಡದ್ದು ಹೊಲದ ಅಂಚಿನಲ್ಲಿ ಹಾರೆ ಹಿಡಿದು ನಿಂತ ಓಬಯ್ಯ. ಅವನೆದುರಿಗೆ, ಕುರಿಮಂದೆಗೆ ಅಡ್ಡಗಟ್ಟಿದ ಹಾಗೆ ಎರಡೂ ಕೈ ಚಾಚಿಕೊಂಡು ಉಗ್ರಪ್ಪ. ಚಿಕ್ಕತಿಮ್ಮಪ್ಪನೂ ಇಬ್ಬರು ಆಳುಗಳೂ ಕಾಲುವೆಯಿಂದ ಎದ್ದು ಬರುತ್ತಿದ್ದರು. ಕಾಳಕ್ಕ ಬುಟ್ಟಿಯ ಪಕ್ಕ ಬಾಯಿಗೆ ಸೆರಗಿಟ್ಟುಕೊಂಡು ನಿಂತಿದ್ದಳು.

"ಏನಪ್ಪ ನಿಂದು? ಇವತ್ತು ತೋಡಿದ್ದ ಹದಿಮೂರೂ ಆದ್ವು ಅಂತ ನನಗೇ ಗೊತ್ತಾಯ್ತು," ಓಬಯ್ಯ ಅರಳೆ ಕಿತ್ತೆಸೆದು ಕೂಗಾಡುತ್ತಿದ್ದ. "ಅರ್ಧ ಗಂಟೆಯಿಂದ ಆಯ್ತೂ ಅನ್ನಲ್ಲ, ಇಲ್ಲಾನೂ ಅನ್ನಲ್ಲ! ಬಿಡು ದಾರಿ."

"ಬೇಡಪ್ಪ. ಹೋಗಬೇಡ."

"ಯಾಕೆ? ಎಷ್ಟು ಎಣಿಸ್ದೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

ಉಗ್ರಪ್ಪನ ರುಮಾಲು ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು. "ನನಗೆ ಕೇಳ್ಸಲ್ಲ ಕಣೋ," ಎಂದ. "ಕಿವಿ ಹೋಗೈತೆ. ನಾನು ಕಿವುಡ ಕಣೋ ಓಬಯ್ಯ. ಕಾಲಿಗೆ ಬೀಳ್ತೀನಿ, ಒಳಗೆ ಹೋಗಬೇಡ."

ಓಬಯ್ಯ ಹಾರೆ ಕೆಳಗಿಳಿಸಿದ. ಆಳುಗಳಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಚಿಕ್ಕತಿಮ್ಮಪ್ಪ ಅವನ ಕಡೆ ತಿರುಗಿ ಬೈಯಲು ಬಾಯಿ ತೆರೆದಿದ್ದ.

ಹೊಲದ ನಡುವಿನ ದೊಡ್ಡ ಹುಣಸೆಯ ಬೊಡ್ಡೆ ನೆಲ ಬಿಟ್ಟು ಮೇಲೆದ್ದಿತು. ಮಣ್ಣು, ಬೇರು, ಕಲ್ಲು ಎಲ್ಲ ಒಟ್ಟಿಗೆ ಮೇಲಕ್ಕೆ ಹೋಗಿ ಕೆಳಕ್ಕೆ ಸುರಿಯಿತು. ಎಲ್ಲರೂ ಇದ್ದಲ್ಲೇ ನೆಲಕ್ಕೆ ಬಿದ್ದರು. ಮೊಳದುದ್ದದ ಒಂದು ಬೇರಿನ ತುಂಡು ಬಂದು ಓಬಯ್ಯನ ಕಾಲ ಬಳಿ ನೆಟ್ಟುಕೊಂಡಿತು. ಅವನು ಮೊದಲು ಹತ್ತುತ್ತಿದ್ದದ್ದು ಯಾವಾಗಲೂ ದೊಡ್ಡ ಬೊಡ್ಡೆಯನ್ನೇ.

ಧೂಳು ಇಳಿಯಲು ಬಹಳ ಹೊತ್ತು ಹಿಡಿಯಿತು. ಚಿತ್ತಮ್ಮ ತೆವಳಿಕೊಂಡು ಬಂದು ಮಗನ ಮೈ ಕೈ ಮುಟ್ಟಿ ನೋಡಿದಳು. ಎಲ್ಲ ಇತ್ತು. ಓಬಯ್ಯ ಅವಳ ಕೈಯನ್ನು ಹಾಗೇ ಹಿಡಿದುಕೊಂಡ.

"ಯಾವಾಗಿಂದ?" ಎಂದು ಕೇಳಿದ. ಅಪ್ಪನನ್ನಲ್ಲ, ಅವಳನ್ನು.

"ಎರಡನೇ ಸಲದಿಂದ."

"ಮತ್ತೆ ಯಾರು ಎಣಿಸ್ತಿದ್ರು?"

"ನಾನು."

"ನೀನು ಬರಕ್ಕೆ ಮುಂಚೆ?"

ಓಬಯ್ಯ ತನ್ನಷ್ಟಕ್ಕೇ ಲೆಕ್ಕ ಹಾಕಿದ. "ಹದಿನಾಲ್ಕು ಮೂರ್ಲಿ ನಲವತ್ತೆರಡು. ನಲವತ್ತೆರಡು ಬೊಡ್ಡೆ ಹತ್ತಿದೀನಿ." ಅವಳ ಕೈ ಬಿಟ್ಟ. ಕಾಲ ಬಳಿ ನೆಟ್ಟಿದ್ದ ಬೇರನ್ನು ಕಿತ್ತೆಸೆದ. "ಚಿಕ್ಕತಿಮ್ಮಪ್ಪ, ಪೆಟ್ಟಿಗೆ ಕಟ್ರಿ. ನಾಳೆ ದುರ್ಗಕ್ಕೆ ಹೋಗಿ ಆ ಪುಲ್ಲಿ ತರ್ತೀನಿ. ದಿನಕ್ಕೆ ಎರಡಾದ್ರೆ ಎರಡು. ಸಾಹುಕಾರ್ರು ಬೇರೇರನ್ನ ಕರೆಸ್ಲಿ ಬೇಕಾದ್ರೆ."

ಆಗ ಕಾಳಕ್ಕ ಮುಂದೆ ಬಂದಳು. ಚಿತ್ತಮ್ಮ ಕೂಗಾಟಕ್ಕೆ ಸಿದ್ಧವಾಗಿದ್ದಳು, ಸೊಸೆ ಕೂಗಲಿಲ್ಲ. ಮೆಲ್ಲಗಿನ ದನಿಯಲ್ಲಿ ಕೇಳಿದಳು.

"ಇವತ್ತು ಬೆಳಿಗ್ಗೆ ಬುಟ್ಟಿ ನನ್ನ ಕೈಗೆ ಕೊಟ್ಟೋರು ನೀವೇ ಅಲ್ವಾ ಅತ್ತೆ? ಸಾರು ಚೆಲ್ಲೀತು ಅಂದ್ರಿ. ಇದನ್ಯಾಕೆ ಹೇಳ್ಲಿಲ್ಲ?"

ಚಿತ್ತಮ್ಮನಿಗೆ ಕಂಬಳಿಯ ಮಾತು ನಾಲಿಗೆ ತುದಿಗೆ ಬಂತು. ಅದನ್ನು ಈಗ ಆಡಲು ನಾಚಿಕೆಯಾಯಿತು.

"ನಿಮ್ಮ ಗಂಡನ ಮಾನಕ್ಕೆ ನನ್ನ ಗಂಡನ ಜೀವ ಇಟ್ರಲ್ಲ ಅತ್ತೆ," ಎಂದಳು ಕಾಳಕ್ಕ.

ಉಗ್ರಪ್ಪ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಸೊಸೆ ಏನೋ ಅಂದಳು, ಹೆಂಡತಿಯ ಮುಖ ಸತ್ತವರ ಮುಖದ ಹಾಗಾಯಿತು, ಇಷ್ಟು ಅವನಿಗೆ ತಿಳಿಯಿತು. ಎದ್ದು ಬಂದು ಚಿತ್ತಮ್ಮನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ರಟ್ಟೆ ಹಿಡಿದು ಅಲ್ಲಾಡಿಸಿದ.

"ಏನಂದ್ಲೇ? ಸೊಸೆ ಏನಂದ್ಲು?"

ಚಿತ್ತಮ್ಮ ಸೆರಗಿನ ಧೂಳು ಕೊಡವಿದಳು.

"ನನಗೆ ಕೇಳ್ಸಲ್ಲ ಅಂತ ಎಲ್ರಿಗೂ ಗೊತ್ತಾಯ್ತಲ್ಲ, ಇನ್ನೇನು ಮುಚ್ಚುಮರೆ? ಹೇಳು, ಏನಂದ್ಲು?"

ಕಾಳಕ್ಕ ಅಲ್ಲೇ ನಿಂತಿದ್ದಳು. ಓಬಯ್ಯ ಮುಖ ತಿರುಗಿಸಲಿಲ್ಲ, ಅವ್ವನನ್ನೇ ನೋಡುತ್ತಿದ್ದ. ಚಿತ್ತಮ್ಮ ಗಂಡನ ಬಲಗಿವಿಗೆ ಬಾಯಿಟ್ಟು, ಮೆಲ್ಲಗೆ ಅಂದರೆ ಅವನಿಗೆ ಕೇಳುವುದಿಲ್ಲವೆಂದು, ಆಳುಗಳಿಗೂ ಏರಿಯಾಚೆಯವರಿಗೂ ಕೇಳುವಷ್ಟು ಜೋರಾಗಿ, ಸೊಸೆ ಆಡಿದ ಮಾತನ್ನು ಒಂದಕ್ಷರ ಬಿಡದೆ ಕೂಗಿ ಹೇಳಿದಳು.